ಮೃಗಾಲಯ ಮತ್ತು ವನ್ಯಜೀವಿ ರೋಗಶಾಸ್ತ್ರದಲ್ಲಿ ಸ್ನಾತಕೋತ್ತರ ತರಬೇತಿ

ಮೃಗಾಲಯ ಮತ್ತು ವನ್ಯಜೀವಿ ರೋಗಶಾಸ್ತ್ರವು ಮೃಗಾಲಯಗಳಲ್ಲಿ ಹಾಗೂ ಕಾಡಿನಲ್ಲಿ ಜೀವಿಸುವ ಪ್ರಾಣಿಗಳ ರೋಗ ಮತ್ತು ಮರಣಗಳ ಕಾರಣವನ್ನು ಕಳೇಬರ, ಅಂಗಾಂಶ, ರಕ್ತ ಮುಂತಾದವುಗಳ ಪರೀಕ್ಷೆಯ ಮೂಲಕ ಕಂಡುಹಿಡಿಯುವ ಪಶುವೈದ್ಯಕೀಯ ವಿಜ್ಞಾನದ ಶಾಖೆಯಾಗಿದೆ. ಚಿಕಿತ್ಸೆ ನೀಡುವ ವೈದ್ಯನ ಕೆಲಸ ಪ್ರಾಣಿಯ ಸಾವಿನೊಂದಿಗೆ ಮುಗಿದರೆ, ರೋಗಶಾಸ್ತ್ರಜ್ಞನ ಕೆಲಸ ಬಹುಮಟ್ಟಿಗೆ ಅಲ್ಲಿಂದಲೇ ಆರಂಭವಾಗುತ್ತದೆ. ಪಶುವೈದ್ಯಕೀಯ ಪದವಿಯ ನಂತರ ಈ ಶಾಖೆಯಲ್ಲಿ ಪಡೆಯುವ ವ್ಯಾಸಂಗ, ಶವಪರೀಕ್ಷೆಯ ಅಭ್ಯಾಸ ಮತ್ತು ಸಂಶೋಧನೆಗಳನ್ನು ಒಟ್ಟಾಗಿ ಸ್ನಾತಕೋತ್ತರ ತರಬೇತಿ ಎನ್ನಲಾಗುತ್ತದೆ.

ಕರ್ನಾಟಕದಲ್ಲಿ ಈ ವಿಷಯಕ್ಕೆ ಶಿವಮೊಗ್ಗ ಜಿಲ್ಲೆಯೊಡನೆ ವಿಶೇಷವಾದ ನಂಟಿದೆ. ಮಂಗನ ಕಾಯಿಲೆ ಎಂದು ಜನಜನಿತವಾದ ಕ್ಯಾಸನೂರು ಕಾಡಿನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಇದೇ ಜಿಲ್ಲೆಯಲ್ಲಿ. ಅದರ ಸುಳಿವು ಆಸ್ಪತ್ರೆಯಲ್ಲಿ ಮಾತ್ರವಲ್ಲದೆ ಕಾಡಿನಲ್ಲಿ ಸತ್ತು ಬಿದ್ದಿದ್ದ ಮಂಗಗಳಲ್ಲಿಯೂ ದೊರೆಯಿತು.

ಪ್ರದೇಶದ ಹಿನ್ನೆಲೆ

ಶಿವಮೊಗ್ಗ ನಗರದಿಂದ ಸಾಗರ ರಸ್ತೆಯಲ್ಲಿ ಸುಮಾರು 10 ಕಿ.ಮೀ. ದೂರದಲ್ಲಿ, 1988ರಲ್ಲಿ ಆರಂಭವಾದ ತ್ಯಾವರೆಕೊಪ್ಪದ ಹುಲಿ ಮತ್ತು ಸಿಂಹಧಾಮವಿದೆ. ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿ.ಮೀ. ಸಾಗಿದರೆ ತುಂಗಾ ಹಿನ್ನೀರಿನ ಅಂಚಿನಲ್ಲಿ ಸಕ್ರೆಬೈಲು ಆನೆ ಬಿಡಾರ ಸಿಗುತ್ತದೆ. ಶೆಟ್ಟಿಹಳ್ಳಿ ವನ್ಯಜೀವಿ ಅಭಯಾರಣ್ಯ ಜಿಲ್ಲೆಯೊಳಗೇ ಇದೆ. ಭದ್ರಾವತಿಯಿಂದ ಭದ್ರಾ ಜಲಾಶಯದ ಕಡೆಗೆ ಹೋದರೆ 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಭದ್ರಾ ಅಭಯಾರಣ್ಯದ ಲಕ್ಕವಳ್ಳಿ ಭಾಗ ಆರಂಭವಾಗುತ್ತದೆ. ಹೀಗೆ ಬೇಲಿಯೊಳಗಿನ ಹುಲಿ, ಮನುಷ್ಯನ ಆರೈಕೆಯಲ್ಲಿದ್ದರೂ ಕಾಡಿಗೆ ಮೇಯಲು ಹೋಗುವ ಆನೆ ಮತ್ತು ಸಂಪೂರ್ಣ ಸ್ವತಂತ್ರವಾದ ಕಾಡುಪ್ರಾಣಿ ಈ ಮೂರೂ ಅಲ್ಪ ಅಂತರದಲ್ಲಿವೆ. ಊರ ದನಗಳು ಕಾಡಿನಂಚಿನಲ್ಲಿ ಮೇಯುವುದರಿಂದ ಇವೆಲ್ಲವುಗಳ ನಡುವೆ ರೋಗಾಣುಗಳ ವಿನಿಮಯಕ್ಕೂ ಅವಕಾಶವಿದೆ.

ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಪಶುವೈದ್ಯಕೀಯ ಮಹಾವಿದ್ಯಾಲಯ ಶಿವಮೊಗ್ಗದ ವಿನೋಬನಗರದಲ್ಲಿದೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ಮತ್ತು ನಿರ್ವಹಣೆ ಎಂಬ ಸ್ನಾತಕೋತ್ತರ ಅಧ್ಯಯನ ವಿಭಾಗವಿದೆ. ಇವೆರಡರ ಸ್ವರೂಪ ಬೇರೆಬೇರೆ. ಮೊದಲನೆಯದು ಪಶುವೈದ್ಯರನ್ನು ರೂಪಿಸುತ್ತದೆ. ಎರಡನೆಯದು ವಿಜ್ಞಾನ ಪದವೀಧರರಿಗೆ ವನ್ಯಜೀವಿಗಳ ಪರಿಸರ, ಗಣತಿ ಮತ್ತು ನಿರ್ವಹಣೆಯನ್ನು ಕಲಿಸುತ್ತದೆ. ಶವಪರೀಕ್ಷೆ ನಡೆಸಿ ವರದಿಗೆ ಸಹಿ ಹಾಕುವ ಅಧಿಕಾರ ನೋಂದಾಯಿತ ಪಶುವೈದ್ಯರಿಗೆ ಸೇರಿದ್ದು. ಆದರೆ ಯಾವ ಕಾಡಿನಲ್ಲಿ ಎಷ್ಟು ಮಂಗಗಳ ಗುಂಪುಗಳಿವೆ, ಉಣ್ಣೆಗಳ ಸಾಂದ್ರತೆ ಯಾವ ತಿಂಗಳಲ್ಲಿ ಹೆಚ್ಚುತ್ತದೆ ಎಂಬ ಲೆಕ್ಕವಿಲ್ಲದೆ ಶವಪರೀಕ್ಷೆಯ ಫಲಿತಾಂಶಕ್ಕೆ ಪೂರ್ಣ ಅರ್ಥ ಬಾರದು.

ಮಂಗನ ಕಾಯಿಲೆಯ ಪತ್ತೆ

1957ರ ಮಾರ್ಚ್ ತಿಂಗಳಲ್ಲಿ ಸಾಗರ-ಸೊರಬ ಭಾಗದ ಹಳ್ಳಿಗಳಲ್ಲಿ ತೀವ್ರ ಜ್ವರದ ಪ್ರಕರಣಗಳು ಕಾಣಿಸಿಕೊಂಡವು. ಅದೇ ಸಮಯದಲ್ಲಿ ಸುತ್ತಲಿನ ಕಾಡುಗಳಲ್ಲಿ ಮುಸಿಯಗಳೂ ಕೆಂಪು ಮಂಗಗಳೂ ಸಾಯುತ್ತಿದ್ದವು. ದಕ್ಷಿಣ ಅಮೆರಿಕದಲ್ಲಿ ಕಾಡಿನ ಮಂಗಗಳ ಸಾಮೂಹಿಕ ಸಾವು ಹಳದಿ ಜ್ವರದ ಮುನ್ಸೂಚನೆಯಾಗಿದ್ದುದರಿಂದ, ಆ ರೋಗ ಭಾರತಕ್ಕೂ ಬಂದಿರಬಹುದೆಂಬ ಭೀತಿ ಉಂಟಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಜಿಲ್ಲೆಗೆ ಬಂದು ತನಿಖೆ ಕೈಗೊಂಡಿತು. 1952ರಲ್ಲಿ ಸ್ಥಾಪಿತವಾದ ಈ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ. ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಹಾಗೂ ಟಿ. ರಾಮಚಂದ್ರ ರಾವ್ ಈ ಅಧ್ಯಯನದ ಪ್ರಮುಖರು.

ರೋಗಿಗಳ ರಕ್ತದಿಂದಲೂ ಮಂಗಗಳಿಂದಲೂ ಒಂದೇ ವೈರಾಣು ದೊರೆಯಿತು. ಅದು ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದ ವಸಂತ-ಬೇಸಿಗೆ ಮಿದುಳುಜ್ವರದ ವೈರಾಣುವಿಗೆ ಹತ್ತಿರದ, ಅಲ್ಲಿಯವರೆಗೆ ವಿಜ್ಞಾನಕ್ಕೆ ತಿಳಿಯದಿದ್ದ ವೈರಾಣು ಅದಾಗಿತ್ತು. ಮಂಗಗಳು ಸತ್ತಿದ್ದ ಕಾಡಿನ ಹೆಸರೇ ರೋಗಕ್ಕೂ ಬಂದಿತು. ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣ್ಣೆ ಇದರ ಮುಖ್ಯ ವಾಹಕವೆಂದು ಕಂಡುಬಂದಿತು. ಮಂಗ ಸತ್ತೊಡನೆ ಅದರ ಮೈಮೇಲಿನ ಸೋಂಕಿತ ಉಣ್ಣೆಗಳು ನೆಲಕ್ಕಿಳಿದು ತರಗೆಲೆಗಳ ನಡುವೆ ಉಳಿಯುತ್ತವೆ. ಆ ಜಾಗಕ್ಕೆ ಸೌದೆ, ಸೊಪ್ಪು ತರಲು ಹೋದವರಿಗೆ ಅವು ಕಚ್ಚಿದಾಗ ರೋಗ ತಗುಲುತ್ತದೆ. ದನಗಳಿಗೆ ಈ ವೈರಾಣುವಿನಿಂದ ಹೇಳಿಕೊಳ್ಳುವಂಥ ಕಾಯಿಲೆ ಬರುವುದಿಲ್ಲವಾದರೂ ಬೆಳೆದ ಉಣ್ಣೆಗಳಿಗೆ ಅವು ಆಹಾರ ಒದಗಿಸುವುದರಿಂದ ಉಣ್ಣೆಗಳ ಸಂಖ್ಯೆ ಹೆಚ್ಚಲು ಕಾರಣವಾಗುತ್ತವೆ.

ಸತ್ತ ಮಂಗದ ಸುದ್ದಿ ಬಂದ ಕೂಡಲೇ ಕಳೇಬರವಿದ್ದ ಸ್ಥಳದ ಸುತ್ತ ಸುಮಾರು 50 ಮೀಟರ್ ವ್ಯಾಪ್ತಿಯಲ್ಲಿ ಕೀಟನಾಶಕ ಪುಡಿ ಎರಚುವುದು, ಆ ಕಡೆಗೆ ಹೋಗದಂತೆ ಜನರನ್ನು ಎಚ್ಚರಿಸುವುದು, ಕಾಡಿಗೆ ಹೋಗಲೇಬೇಕಾದವರಿಗೆ ಉಣ್ಣೆ ವಿಕರ್ಷಕ ಎಣ್ಣೆ ನೀಡುವುದು ವಾಡಿಕೆಯಲ್ಲಿರುವ ಕ್ರಮಗಳು. ರೋಗ ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಾಣಿಸಿಕೊಳ್ಳುತ್ತದೆ. ಸೋಂಕಿತರಲ್ಲಿ ಸಾಮಾನ್ಯವಾಗಿ ಶೇ. 3ರಿಂದ 5ರಷ್ಟು ಜನ ಮೃತಪಡುತ್ತಾರೆ. ನಿರ್ದಿಷ್ಟ ಔಷಧವಿಲ್ಲದ ಈ ರೋಗದಲ್ಲಿ, ಕಾಡಿನಲ್ಲಿ ಬಿದ್ದ ಕಳೇಬರದ ಪತ್ತೆಗೂ ಅದರ ಪರೀಕ್ಷಾ ವರದಿಗೂ ನಡುವೆ ಕಳೆಯುವ ಪ್ರತಿದಿನವೂ ಹಳ್ಳಿಗರ ಪಾಲಿಗೆ ಅಪಾಯದ ದಿನವೇ. 2018ರ ಕೊನೆಯಲ್ಲಿ ಆರಂಭವಾಗಿ 2019ರಲ್ಲಿ ಮುಂದುವರಿದ, ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತಲ ಹಾವಳಿಯಲ್ಲಿ ಅನೇಕರು ಪ್ರಾಣ ಕಳೆದುಕೊಂಡರು. ದಶಕಗಳ ಕಾಲ ಬಳಕೆಯಲ್ಲಿದ್ದ ಹಳೆಯ ಲಸಿಕೆಯ ನೀಡಿಕೆ 2022ರಲ್ಲಿ ನಿಂತಿತು. ಹೊಸ ಲಸಿಕೆಯ ಅಭಿವೃದ್ಧಿಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೊಂಡಿದೆ.

ವ್ಯಾಸಂಗದ ಹಾದಿ

ಭಾರತದಲ್ಲಿ ಈ ಕ್ಷೇತ್ರಕ್ಕೆ ಪ್ರವೇಶಿಸಲು ಪಶುವೈದ್ಯಕೀಯ ಪದವಿ ಅಗತ್ಯ. ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಅದರ ಅವಧಿ ಐದೂವರೆ ವರ್ಷ. ನಂತರ ಎರಡು ವರ್ಷಗಳ ಎಂ.ವಿ.ಎಸ್‌ಸಿ. ಮತ್ತು ಸಾಮಾನ್ಯವಾಗಿ ಮೂರು ವರ್ಷಗಳ ಪಿಎಚ್‌.ಡಿ. ಇರುತ್ತವೆ. ಮೃಗಾಲಯ ರೋಗಶಾಸ್ತ್ರಕ್ಕೆಂದೇ ಮೀಸಲಾದ ಪದವಿ ವಿರಳ. ಹೆಚ್ಚಿನವರು ಪಶು ರೋಗಶಾಸ್ತ್ರದಲ್ಲಿ ಎಂ.ವಿ.ಎಸ್‌ಸಿ. ಮಾಡಿ, ಪ್ರಬಂಧದ ವಿಷಯವಾಗಿ ವನ್ಯಜೀವಿಗಳನ್ನು ಆರಿಸಿಕೊಳ್ಳುತ್ತಾರೆ. ಇನ್ನು ಕೆಲವರು ವನ್ಯಜೀವಿ ಆರೋಗ್ಯ ಎಂಬ ವಿಭಾಗಕ್ಕೆ ಸೇರುತ್ತಾರೆ. ಮೊದಲ ಹಾದಿಯಲ್ಲಿ ಸೂಕ್ಷ್ಮದರ್ಶಕದ ಪರಿಣತಿ ಗಟ್ಟಿಯಾಗುತ್ತದೆ, ಎರಡನೆಯದರಲ್ಲಿ ಅರಿವಳಿಕೆ, ಸೆರೆಹಿಡಿಯುವಿಕೆ ಮತ್ತು ಆರೈಕೆಯ ಅನುಭವ ಹೆಚ್ಚುತ್ತದೆ. ರೋಗಶಾಸ್ತ್ರಜ್ಞನಾಗಬೇಕೆನ್ನುವವರಿಗೆ ಮೊದಲನೆಯದೇ ಹೆಚ್ಚು ಸೂಕ್ತವೆನ್ನಬಹುದು.

ಉತ್ತರ ಪ್ರದೇಶದ ಇಜ್ಜತ್‌ನಗರದಲ್ಲಿರುವ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯು ವನ್ಯಜೀವಿ ರೋಗಗಳ ಕಣ್ಗಾವಲಿಗೆ ಪ್ರತ್ಯೇಕ ಕೇಂದ್ರವನ್ನು ಹೊಂದಿದೆ. ಜಬಲ್ಪುರದ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ವಿಧಿವಿಜ್ಞಾನ ಮತ್ತು ಆರೋಗ್ಯದ ಶಾಲೆಯಿದೆ. ಕೇರಳದ ಪೂಕೋಡ್‌ನಲ್ಲಿ ವನ್ಯಜೀವಿ ಅಧ್ಯಯನ ಕೇಂದ್ರವಿದೆ. ಕರ್ನಾಟಕದಲ್ಲಿ 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯ ಹಳೆಯದು. ಕೊಡಗಿನ ದೊಡ್ಡಅಳುವಾರದಲ್ಲಿ ರಾಜ್ಯ ಪಶುವೈದ್ಯಕೀಯ ವಿಶ್ವವಿದ್ಯಾಲಯದ ವನ್ಯಜೀವಿ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯಿದೆ.

ವಿದೇಶಗಳಲ್ಲಿ ಕ್ರಮ ಸ್ವಲ್ಪ ಭಿನ್ನ. ಅಮೆರಿಕದಲ್ಲಿ ಪಶುವೈದ್ಯರು ಸಾಮಾನ್ಯವಾಗಿ ಮೂರು ವರ್ಷಗಳ ರೆಸಿಡೆನ್ಸಿಯಲ್ಲಿ ದೊಡ್ಡ ಮೃಗಾಲಯಗಳ ಕಳೇಬರಗಳನ್ನು ಪರೀಕ್ಷಿಸುತ್ತ ಕಲಿತು, ಬಳಿಕ ಪಶು ರೋಗಶಾಸ್ತ್ರಜ್ಞರ ಮಂಡಳಿಯ ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ. ಪ್ರಬಂಧಕ್ಕಿಂತ ಪ್ರಕರಣಗಳ ಸಂಖ್ಯೆ ಮತ್ತು ವೈವಿಧ್ಯಕ್ಕೆ ಅಲ್ಲಿ ಹೆಚ್ಚಿನ ಮಹತ್ತ್ವ.

ಶವಪರೀಕ್ಷೆಯ ಕಲಿಕೆ

ತರಬೇತಿಯ ತಿರುಳು ಶವಪರೀಕ್ಷೆಯಲ್ಲಿದೆ. ದನ, ಎಮ್ಮೆ, ನಾಯಿ, ಕೋಳಿಗಳ ಮೇಲೆ ಕಲಿತ ವಿದ್ಯಾರ್ಥಿಗೆ ಕಾಡುಪ್ರಾಣಿಯ ಮೈಯೊಳಗೆ ಯಾವುದು ಸಹಜ ಎಂಬುದೇ ಮೊದಲ ಸಮಸ್ಯೆ. ಆನೆಯ ಶ್ವಾಸಕೋಶಗಳು ಎದೆಗೂಡಿನ ಒಳಗೋಡೆಗೆ ಸಂಯೋಜಕ ಅಂಗಾಂಶದಿಂದ ಹುಟ್ಟಿನಿಂದಲೇ ಅಂಟಿಕೊಂಡಿರುತ್ತವೆ. ದನದಲ್ಲಿ ಇಂತಹ ಅಂಟು ಕಂಡರೆ ಅದು ಹಳೆಯ ಉರಿಯೂತದ ಗುರುತು. ಆನೆಯಲ್ಲಿ ಅದನ್ನು ರೋಗವೆಂದು ಬರೆದರೆ ಇಡೀ ವರದಿಯೇ ದಾರಿ ತಪ್ಪುತ್ತದೆ. ಆನೆಗೆ ಪಿತ್ತಕೋಶವೂ ಇಲ್ಲ. ಎಲೆ ತಿಂದು ಬದುಕುವ ಮುಸಿಯನ ಜಠರ ಹಲವು ಚೀಲಗಳಾಗಿ ವಿಂಗಡಗೊಂಡಿದ್ದು, ಅಲ್ಲಿ ಆಹಾರ ಹುದುಗುತ್ತದೆ. ಕೆಂಪು ಮಂಗಕ್ಕೆ ಸರಳ ಜಠರವೂ ಕೆನ್ನೆಚೀಲಗಳೂ ಇವೆ. ಒಂದೇ ಕಾಡಿನಲ್ಲಿ, ಒಂದೇ ರೋಗದಿಂದ ಸಾಯುವ ಈ ಎರಡು ಮಂಗಗಳ ಹೊಟ್ಟೆಯನ್ನು ಒಂದೇ ಅಳತೆಗೋಲಿನಿಂದ ಅಳೆಯಲಾಗದು.

ಕಾಲ ಇನ್ನೊಂದು ತೊಡಕು. ಮಲೆನಾಡಿನ ತೇವ ಮತ್ತು ಸೆಕೆಯಲ್ಲಿ ಕಳೇಬರ ಬೇಗನೆ ಕೊಳೆಯುತ್ತದೆ. ಆನೆಯ ದಪ್ಪ ಚರ್ಮ ಮತ್ತು ದೊಡ್ಡ ಗಾತ್ರ ಒಳಗಿನ ಶಾಖವನ್ನು ಹಿಡಿದಿಡುವುದರಿಂದ ಅದರ ಅಂಗಗಳು ಇನ್ನೂ ಬೇಗ ಕೆಡುತ್ತವೆ. ಮಂಗದಂತಹ ಸಣ್ಣ ಕಳೇಬರವನ್ನು ತಂಪಾಗಿಡಬಹುದು, ಆದರೆ ಹೆಪ್ಪುಗಟ್ಟಿಸಿದರೆ ಜೀವಕೋಶಗಳು ಒಡೆದು ಸೂಕ್ಷ್ಮದರ್ಶಕದ ಅಡಿಯಲ್ಲಿ ಏನೂ ಸ್ಪಷ್ಟವಾಗಿ ಕಾಣದು. ಆದ್ದರಿಂದ ಮಾದರಿಗಳನ್ನು ಸ್ಥಳದಲ್ಲಿಯೇ ವಿಂಗಡಿಸುವುದನ್ನು ವಿದ್ಯಾರ್ಥಿಗೆ ಮೊದಲು ಕಲಿಸಲಾಗುತ್ತದೆ. ಅಂಗಾಂಶ ಪರೀಕ್ಷೆಗೆ ಬೇಕಾದ ಚೂರುಗಳನ್ನು ಅರ್ಧ ಸೆಂಟಿಮೀಟರ್‌ಗಿಂತ ದಪ್ಪವಾಗದಂತೆ ಕತ್ತರಿಸಿ, ಅವುಗಳ ಹತ್ತು ಪಟ್ಟು ಪ್ರಮಾಣದ ಶೇ. 10ರ ಫಾರ್ಮಲಿನ್ ದ್ರಾವಣದಲ್ಲಿ ಹಾಕಬೇಕು. ಬ್ಯಾಕ್ಟೀರಿಯಾ ಬೆಳೆಸಲು ಮತ್ತು ವೈರಾಣು ಪ್ರತ್ಯೇಕಿಸಲು ಬೇಕಾದ ಚೂರುಗಳಿಗೆ ಫಾರ್ಮಲಿನ್ ತಗುಲಲೇಬಾರದು, ಅವು ಮಂಜುಗಡ್ಡೆಯಲ್ಲಿ ಹೋಗಬೇಕು. ವಿಷದ ಪರೀಕ್ಷೆಗೆ ಜಠರದ ಒಳವಸ್ತು, ಯಕೃತ್ತು ಮತ್ತು ಮೂತ್ರಪಿಂಡಗಳನ್ನು ಬೇರೆಬೇರೆ ಪಾತ್ರೆಗಳಲ್ಲಿ ಮೊಹರು ಮಾಡಬೇಕು. ಎಲ್ಲವನ್ನೂ ಒಂದೇ ಫಾರ್ಮಲಿನ್ ಡಬ್ಬಿಗೆ ತುಂಬಿ ಕಳುಹಿಸಿದರೆ ಪ್ರಯೋಗಾಲಯ ಎಷ್ಟೇ ಸುಸಜ್ಜಿತವಾಗಿದ್ದರೂ ಅರ್ಧ ಉತ್ತರ ಮಾತ್ರ ದೊರೆಯುತ್ತದೆ.

ಕತ್ತಿ ಹಿಡಿಯಬಾರದ ಸಂದರ್ಭಗಳನ್ನು ಗುರುತಿಸುವುದೂ ಕಲಿಕೆಯ ಭಾಗ. ಆನೆ, ಕಾಟಿ ಅಥವಾ ಜಿಂಕೆ ಹಠಾತ್ತನೆ ಸತ್ತು, ಮೂಗು ಮತ್ತು ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿದಿದ್ದರೆ ಅಂತ್ರಾಕ್ಸ್ ಅಥವಾ ನೆರಡಿ ರೋಗದ ಶಂಕೆ ಇರುತ್ತದೆ. ಆಗ ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಫಲಕದ ಮೇಲೆ ಸವರಿ, ಬಣ್ಣ ಹಾಕಿ ನೋಡಬೇಕು. ಕಳೇಬರ ತೆರೆದರೆ ಗಾಳಿ ತಗುಲಿದ ಬ್ಯಾಕ್ಟೀರಿಯಾ ಬೀಜಕಗಳಾಗಿ ಮಾರ್ಪಟ್ಟು ಆ ನೆಲದಲ್ಲಿ ದಶಕಗಳ ಕಾಲ ಉಳಿಯಬಲ್ಲದು.

ಮಂಗನ ಕಾಯಿಲೆಯ ಪ್ರಕರಣದಲ್ಲಿ ಬರಿಗಣ್ಣಿನ ಪರೀಕ್ಷೆಗೆ ಮಿತಿಯಿದೆ. ಪ್ರಯೋಗದಲ್ಲಿ ಸೋಂಕು ತಗುಲಿಸಿದ ಕೆಂಪು ಮಂಗಗಳ ಕರುಳು ಹಾಗೂ ದುಗ್ಧ ಅಂಗಾಂಶಗಳಲ್ಲಿ ಹಾನಿ, ಕೆಲವೊಮ್ಮೆ ಮಿದುಳಿನ ಉರಿಯೂತ ಕಂಡುಬಂದಿವೆ. ಆದರೆ ಇವುಗಳಲ್ಲಿ ಯಾವುದೂ ಈ ರೋಗಕ್ಕೆ ಮಾತ್ರ ಸೀಮಿತವಾದ ಗುರುತಲ್ಲ. ಖಚಿತ ತೀರ್ಮಾನಕ್ಕೆ ವೈರಾಣುವಿನ ಆರ್‌ಎನ್‌ಎ ಪತ್ತೆಹಚ್ಚುವ ಪರೀಕ್ಷೆಯೇ ಬೇಕು. ಮಾದರಿಗಳು ಶಿವಮೊಗ್ಗದ ವೈರಾಣು ರೋಗನಿದಾನ ಪ್ರಯೋಗಾಲಯಕ್ಕೋ ಪುಣೆಗೋ ಹೋಗುತ್ತವೆ. ಪುಣೆಯ ಸಂಸ್ಥೆಯಲ್ಲಿ 2012ರಿಂದ ನಾಲ್ಕನೆಯ ಹಂತದ ಜೈವಿಕ ಸುರಕ್ಷತೆಯ ಪ್ರಯೋಗಾಲಯವಿದೆ.

ಅಪಾಯ ಕಲ್ಪಿತವಾದದ್ದಲ್ಲ. ಆರಂಭದ ದಶಕಗಳಲ್ಲಿ ಈ ವೈರಾಣುವಿನೊಂದಿಗೆ ಕೆಲಸ ಮಾಡಿದ ಪ್ರಯೋಗಾಲಯದ ಸಿಬ್ಬಂದಿಗೂ ಸೋಂಕು ತಗುಲಿದ್ದು ದಾಖಲಾಗಿದೆ. 2012ರ ಕೊನೆಯಲ್ಲಿ ಬಂಡೀಪುರ ಭಾಗದಲ್ಲಿ ರೋಗ ಕಾಣಿಸಿಕೊಂಡಾಗ, ಸತ್ತ ಮಂಗಗಳನ್ನು ವಿಲೇವಾರಿ ಮಾಡಿದ ಅರಣ್ಯ ಸಿಬ್ಬಂದಿಯೂ ಸೋಂಕಿತರಲ್ಲಿದ್ದರು. ಕೈಗವಸು, ಮುಖಗವಸು, ಮೈಮುಚ್ಚುವ ಉಡುಪು, ಉಣ್ಣೆ ವಿಕರ್ಷಕಗಳ ಬಳಕೆಯನ್ನು ಪಠ್ಯದ ಒಂದು ಅಧ್ಯಾಯವಾಗಿ ಓದಿದರೆ ಸಾಲದು. ಕಳೇಬರ ಹೊರುವ ಕಾವಲುಗಾರನಿಗೂ ಅವು ದೊರೆಯುವಂತೆ ನೋಡಿಕೊಳ್ಳುವ ಹೊಣೆ ಶವಪರೀಕ್ಷೆ ನಡೆಸುವವನ ಮೇಲೆಯೇ ಬೀಳುತ್ತದೆ.

ಮೃಗಾಲಯದ ರೋಗಗಳು

2009ರ ಮೃಗಾಲಯ ಮಾನ್ಯತೆ ನಿಯಮಗಳ ಪ್ರಕಾರ ಮೃಗಾಲಯದಲ್ಲಿ ಸತ್ತ ಪ್ರತಿಯೊಂದು ಪ್ರಾಣಿಯ ಶವಪರೀಕ್ಷೆ ಕಡ್ಡಾಯ. ಹೀಗಾಗಿ ಪ್ರಾಣಿಯ ವಯಸ್ಸು, ಆಹಾರ, ಹಿಂದಿನ ಚಿಕಿತ್ಸೆ ಎಲ್ಲವೂ ತಿಳಿದಿರುವ ಪ್ರಕರಣಗಳು ವಿದ್ಯಾರ್ಥಿಗೆ ದೊರೆಯುವುದು ಮೃಗಾಲಯದಲ್ಲಿಯೇ. ಕಾಡಿನಲ್ಲಿ ಇಂತಹ ಹಿನ್ನೆಲೆ ಎಂದಿಗೂ ಸಿಗದು.

ಕರ್ನಾಟಕದ ಇತ್ತೀಚಿನ ಘಟನೆಗಳು ಈ ರೋಗಗಳ ಸ್ವರೂಪವನ್ನು ತಿಳಿಸುತ್ತವೆ. 2017ರ ಜನವರಿಯಲ್ಲಿ ಪಕ್ಷಿಗಳಲ್ಲಿ ಹಕ್ಕಿಜ್ವರ ದೃಢಪಟ್ಟ ಕಾರಣ ಮೈಸೂರು ಮೃಗಾಲಯವನ್ನು ಸುಮಾರು ಒಂದು ತಿಂಗಳು ಮುಚ್ಚಲಾಯಿತು. 2023ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ಏಳು ಚಿರತೆ ಮರಿಗಳು ಬೆಕ್ಕುಗಳ ಪ್ಯಾನ್‌ಲ್ಯೂಕೋಪೀನಿಯಾ ರೋಗದಿಂದ ಸತ್ತವು. 2025ರ ನವೆಂಬರ್‌ನಲ್ಲಿ ಬೆಳಗಾವಿ ಸಮೀಪದ ಭೂತರಾಮನಹಟ್ಟಿ ಮೃಗಾಲಯದಲ್ಲಿ ಸುಮಾರು 30 ಕೃಷ್ಣಮೃಗಗಳು ಗಳಲೆ ರೋಗಕ್ಕೆ ಬಲಿಯಾದವು. ಮನೆಯ ಬೆಕ್ಕು, ಊರ ದನ, ಹಿತ್ತಲ ಕೋಳಿಗಳಲ್ಲಿ ಕಾಣುವ ರೋಗಗಳೇ ಇಲ್ಲಿಯೂ ಇವೆ ಎಂಬುದು ಗಮನಾರ್ಹ.

ಸಿಂಹಗಳ ವಿಷಯದಲ್ಲಿ ನಾಯಿಗಳ ಡಿಸ್ಟೆಂಪರ್ ರೋಗ ದೊಡ್ಡ ಆತಂಕ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯ ಸಿಂಹಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಇದರಿಂದ ನಾಶವಾಯಿತು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಈ ವೈರಾಣು ಪತ್ತೆಯಾಯಿತು. ಆನೆಗಳಲ್ಲಿ ಕ್ಷಯ ಮತ್ತು ಎಳೆಯ ಮರಿಗಳನ್ನು ಒಂದೆರಡು ದಿನಗಳಲ್ಲೇ ಕೊಲ್ಲಬಲ್ಲ ಹರ್ಪಿಸ್ ವೈರಾಣು ಮುಖ್ಯವಾದವು. ಕ್ಷಯ ಆನೆ ಮತ್ತು ಮನುಷ್ಯರ ನಡುವೆ ಹರಡಬಲ್ಲದಾದ್ದರಿಂದ ಯಾವುದೇ ಬಿಡಾರದಲ್ಲಿ ಮಾವುತ, ಕಾವಾಡಿಗಳ ಆರೋಗ್ಯ ತಪಾಸಣೆಯೂ ಆನೆಯ ತಪಾಸಣೆಯೊಂದಿಗೆ ನಡೆಯಬೇಕಾಗುತ್ತದೆ.

ಕಾನೂನಿನ ಚೌಕಟ್ಟು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಸತ್ತ ವನ್ಯಪ್ರಾಣಿಯೂ ಸರ್ಕಾರದ ಸ್ವತ್ತು. ಸಂಶೋಧನೆಗಾಗಿ ಮಾದರಿ ಪಡೆಯಲು ಅನುಮತಿ ಅಗತ್ಯ. ಹುಲಿ ಸತ್ತರೆ, ಬೇರೆ ಕಾರಣ ಸಾಬೀತಾಗುವವರೆಗೆ ಅದನ್ನು ಕಳ್ಳಬೇಟೆಯೆಂದೇ ಭಾವಿಸಿ ತನಿಖೆ ನಡೆಸಬೇಕೆಂಬುದು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಕ್ರಮ. ಶವಪರೀಕ್ಷೆಯ ನಂತರ ಕಳೇಬರವನ್ನು ಉಗುರು, ಹಲ್ಲು ಸಹಿತ ಸುಡಲಾಗುತ್ತದೆ.

ಆದ್ದರಿಂದ ವಿದ್ಯಾರ್ಥಿ ವಿಧಿವಿಜ್ಞಾನವನ್ನೂ ಕಲಿಯಬೇಕು. ಉರುಳಿಗೆ ಸಿಕ್ಕ ಚಿರತೆಯ ಸೊಂಟದ ಗಾಯ, ವಿದ್ಯುತ್ ಬೇಲಿ ತಗುಲಿದ ಆನೆಯ ಸೊಂಡಿಲಿನ ಸುಟ್ಟ ಗುರುತು, ಅಟ್ಟಿಸಿ ಹಿಡಿದ ಜಿಂಕೆಯ ಬಿಳಿಚಿದ ಸ್ನಾಯುಗಳು ಒಂದೊಂದೂ ಬೇರೆ ಕಥೆ ಹೇಳುತ್ತವೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತ ಪ್ರಕರಣದಲ್ಲಿ, ಅವು ತಿಂದಿದ್ದ ಹಸುವಿನ ಕಳೇಬರಕ್ಕೆ ವಿಷ ಬೆರೆಸಿದ್ದು ಬೆಳಕಿಗೆ ಬಂದಿತು. ಇಂತಹ ವರದಿ ನ್ಯಾಯಾಲಯದಲ್ಲಿ ಪಾಟೀಸವಾಲಿಗೆ ಒಳಗಾಗುತ್ತದೆ.

ಸಂಶೋಧನೆಯ ಫಲ

ಶವಪರೀಕ್ಷೆಯಿಂದ ಆರಂಭವಾಗಿ ಸರ್ಕಾರದ ನೀತಿಯನ್ನೇ ಬದಲಿಸಿದ ಉದಾಹರಣೆಗಳಲ್ಲಿ ರಣಹದ್ದುಗಳದ್ದು ಪ್ರಸಿದ್ಧ. ದಕ್ಷಿಣ ಏಷ್ಯಾದಲ್ಲಿ ಕೋಟ್ಯಂತರ ರಣಹದ್ದುಗಳು ಕಣ್ಮರೆಯಾಗುತ್ತಿದ್ದಾಗ ವೈರಾಣುವಿನ ಶಂಕೆಯಿತ್ತು. ಪಾಕಿಸ್ತಾನದಲ್ಲಿ ಸತ್ತ ಹಕ್ಕಿಗಳ ಒಳಾಂಗಗಳ ಮೇಲೆ ಯೂರಿಕ್ ಆಮ್ಲದ ಬಿಳಿ ಪದರ ಕಂಡ ರೋಗಶಾಸ್ತ್ರಜ್ಞರು ಮೂತ್ರಪಿಂಡದ ವೈಫಲ್ಯದ ಜಾಡು ಹಿಡಿದು, 2004ರಲ್ಲಿ ದನಗಳಿಗೆ ನೀಡುವ ಡೈಕ್ಲೋಫೆನಾಕ್ ನೋವುನಿವಾರಕವೇ ಕಾರಣವೆಂದು ಪ್ರಕಟಿಸಿದರು. ಭಾರತ 2006ರಲ್ಲಿ ಅದರ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಿತು. ರಾಮನಗರದ ರಾಮದೇವರಬೆಟ್ಟ 2012ರಲ್ಲಿ ರಣಹದ್ದು ಧಾಮವಾದದ್ದು ಈ ಕುಸಿತದ ಹಿನ್ನೆಲೆಯಲ್ಲಿಯೇ.

ಶಿವಮೊಗ್ಗದ ಅನುಭವಕ್ಕೆ ಇನ್ನೂ ಹತ್ತಿರವಾದದ್ದು ನ್ಯೂಯಾರ್ಕಿನ ಪ್ರಕರಣ. 1999ರಲ್ಲಿ ಅಲ್ಲಿನ ಜನರಲ್ಲಿ ಮಿದುಳುಜ್ವರ ಕಾಣಿಸಿಕೊಂಡಾಗ ಅದನ್ನು ಪರಿಚಿತ ರೋಗವೆಂದೇ ಮೊದಲು ತಿಳಿಯಲಾಗಿತ್ತು. ಬ್ರಾಂಕ್ಸ್ ಮೃಗಾಲಯದ ರೋಗಶಾಸ್ತ್ರಜ್ಞೆ ಟ್ರೇಸಿ ಮೆಕ್‌ನಮಾರಾ ಸತ್ತ ಕಾಗೆಗಳನ್ನೂ ಮೃಗಾಲಯದ ಹಕ್ಕಿಗಳನ್ನೂ ಪರೀಕ್ಷಿಸಿ, ಎರಡೂ ಸಾವುಗಳ ಮೂಲ ಒಂದೇ ಎಂದು ಪಟ್ಟು ಹಿಡಿದರು. ಕೊನೆಗೆ ಅದು ಅಮೆರಿಕದಲ್ಲಿ ಅದುವರೆಗೆ ಕಂಡಿರದ ವೆಸ್ಟ್ ನೈಲ್ ವೈರಾಣು ಎಂದು ತಿಳಿಯಿತು. ಮಂಗನ ಕಾಯಿಲೆಯ ವೈರಾಣುವೂ ಇದೂ ಒಂದೇ ಕುಲಕ್ಕೆ ಸೇರಿವೆ.

ಉದ್ಯೋಗ

ತರಬೇತಿ ಪಡೆದವರಿಗೆ ಪಶುವೈದ್ಯಕೀಯ ಮಹಾವಿದ್ಯಾಲಯಗಳು, ಮೃಗಾಲಯಗಳು, ಸಂಶೋಧನಾ ಸಂಸ್ಥೆಗಳು ಹಾಗೂ ರೋಗ ಕಣ್ಗಾವಲು ಯೋಜನೆಗಳಲ್ಲಿ ಅವಕಾಶಗಳಿವೆ. ಬೆಂಗಳೂರಿನ ಯಲಹಂಕದಲ್ಲಿರುವ ಪಶು ಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಸಂಸ್ಥೆ ಅವುಗಳಲ್ಲೊಂದು. ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡುವ ಪಶುವೈದ್ಯರು ಚಿಕಿತ್ಸೆ, ಸೆರೆ ಕಾರ್ಯಾಚರಣೆ, ಶವಪರೀಕ್ಷೆ ಮೂರನ್ನೂ ಒಬ್ಬರೇ ನಿರ್ವಹಿಸಬೇಕಾಗುವುದು ಸಾಮಾನ್ಯ. ಸೂಕ್ಷ್ಮದರ್ಶಕದ ಮುಂದೆ ಕುಳಿತು ಫಲಕಗಳನ್ನು ಓದಲು ಅವರಿಗೆ ಬಿಡುವು ಸಿಗುವುದು ಕಡಿಮೆ. ಹೀಗಾಗಿ ಕಾಡಿನಲ್ಲಿ ಮಾದರಿ ಸಂಗ್ರಹಿಸುವವರು ಮತ್ತು ಮಹಾವಿದ್ಯಾಲಯದಲ್ಲಿ ಅವನ್ನು ಓದುವ ಸ್ನಾತಕೋತ್ತರ ವಿದ್ಯಾರ್ಥಿಗಳು ಜೊತೆಗೂಡಿ ಕೆಲಸ ಮಾಡುವ ಪದ್ಧತಿ ಇಬ್ಬರಿಗೂ ಅನುಕೂಲಕರವಾಗಿದೆ.